ವ್ಯಾಸಪೀಠದ ಮೇಲೆ ಕಾದಂಬರಿ

ಅಣ್ಣಿಗೇರಿಯ ನಮ್ಮ ಮನೆಯಲ್ಲಿ ಶ್ರಾವಣ ಮಾಸವಿಡೀ ಮಧ್ಯಾಹ್ನ ಪುರಾಣ ಓದುವ ವಾಡಿಕೆ. ಓದುವವಳು ನಾನು. ಹೆಸರುಕಾಳು ಹಸನು ಮಾಡುತ್ತ ಕೇಳುವವರು ಅತ್ತೆ, ಬಾಜೂ ಮನೆಯ ಕಾಕು, ಎದುರು ಮನೆಯ ನಿವೃತ್ತ ಶಿಕ್ಷಕಿ ಅಕ್ಕೋರು. ಹೋದ ವರ್ಷ ಪುರಾಣ ಬೇಗ ಮುಗಿಯಿತು, ಶ್ರಾವಣ ಇನ್ನೂ ಹತ್ತು ದಿನ ಉಳಿದಿತ್ತು. ಪೀಠ ಖಾಲಿ ಇಡಬಾರದು ಎಂದರು ಅತ್ತೆ. ಮನೆಯಲ್ಲಿದ್ದದ್ದು ನನ್ನ ತಂಗಿ ಕೊಟ್ಟು ಹೋಗಿದ್ದ ಒಂದು ಹೊಸ ಕಾದಂಬರಿ. ಅದನ್ನೇ ವ್ಯಾಸಪೀಠದ ಮೇಲಿಟ್ಟು, ಊದಿನಕಡ್ಡಿ ಹಚ್ಚಿ, ಓದತೊಡಗಿದೆ.

ಮದುವೆಯಾದ ಮೂರೇ ತಿಂಗಳಿಗೆ ಗಂಡ ತೀರಿಹೋಗಿ, ಅದನ್ನು ಮುಚ್ಚಿಟ್ಟು ಎರಡನೆಯ ಮದುವೆಯಾಗಿ ಹೊಸ ಮನೆ ಸೇರಿದ ಹೆಣ್ಣಿನ ಕಥೆ ಅದು. ಮೊದಲ ಅಧ್ಯಾಯ ಮುಗಿದದ್ದೇ ಕಾಕು ಕೈಮುಗಿದು “ಹರಹರ ಮಹಾದೇವ” ಅಂದರು.

“ಇದು ಪುರಾಣ ಅಲ್ರೀ ಕಾಕು, ಕಾದಂಬರಿ,” ಎಂದು ಅಕ್ಕೋರು ನಕ್ಕರು.

“ಇರವಲ್ದ್ಯಾಕ. ಆ ಹುಡುಗಿಗೂ ದೇವರ ಬೇಕಲ್ರಿ!”

ಓದುವ ನನ್ನದೂ ಒಂದು ಗುಟ್ಟಿತ್ತು. ಮಗಳು ಹುಟ್ಟುವಾಗ ನನ್ನ ಜೀವಕ್ಕೇ ಬಂದಿತ್ತು. ಉಳಿದರೆ ಸೊಸೆಯಿಂದ ಪ್ರತಿ ಸೋಮವಾರ ಉಪವಾಸ ಮಾಡಿಸುತ್ತೇನೆಂದು ಅತ್ತೆ ಹರಕೆ ಹೊತ್ತರು. ಉಳಿದೆ, ಮಾಡುತ್ತ ಬಂದೆ. ಈ ಓದಿಗೆ ಮೂರು ವರ್ಷ ಮೊದಲು ಸಕ್ಕರೆ ಕಾಯಿಲೆ ಬಂತು. ಗುಳಿಗೆ ನುಂಗಿ ಉಪವಾಸ ಇರಕೂಡದು ಎಂದರು ಡಾಕ್ಟರು. “ಅವ್ವಗ ನೀನ ಹೇಳು” ಎಂದು ನಮ್ಮನೆಯವರು ಜಾರಿಕೊಂಡರು. ನಾನು ಶಿವನಿಗೆ ಹೇಳಿದೆ, ಅತ್ತೆಗೆ ಹೇಳಲಾಗಲಿಲ್ಲ. ಸೋಮವಾರ ಅಡುಗೆಮನೆಯ ಬಾಗಿಲ ಹಿಂದೆ ನಿಂತು ರೊಟ್ಟಿ ತಿನ್ನುತ್ತಿದ್ದೆ.

ಆರನೆಯ ದಿನ ಕಾದಂಬರಿಯಲ್ಲಿ ಗುಟ್ಟು ಹೊರಬಿತ್ತು. ಆ ಮನೆಯ ಅತ್ತೆ ಸೊಸೆಯನ್ನು ಹೊರಗೆ ಹಾಕಿ ಕದ ಹಾಕಿಕೊಂಡಳು.

“ಮೊದಲನೇ ದಿನಾನ ಹೇಳಿದ್ರ ಏನಾಗ್ತಿತ್ತಾಕಿಗೆ?” ಎಂದರು ಕಾಕು.

“ಪುಸ್ತಕ ನಾಕ ಪುಟಕ್ಕ ಮುಗೀತಿತ್ತು,” ಎಂದರು ಅಕ್ಕೋರು.

ಅತ್ತೆ ಮೊರದಿಂದ ತಲೆ ಎತ್ತಿದರು. “ಹುಡುಗಿಗ್ಯಾಕ ಬೈತೀರಿ? ಬಾಯಿ ಬಿಡಾಕ ಅಂಜೂ ಹಂಗ ಮನಿ ಇಟ್ಟಾಕಿ ಯಾರು? ತಪ್ಪು ಆ ಮುದುಕೀದು.”

ನಾನು ಪುಸ್ತಕ ಮುಚ್ಚಿದೆ. ದುಃಖದ ಪ್ರಸಂಗದಲ್ಲಿ ಓದು ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ, ಶುಭ ಬರುವ ತನಕ ಓದಲೇಬೇಕು. ಕಾಕು ಕೂಗಿದರು, “ಲೇ, ಅಲ್ಲೇ ನಿಲ್ಲಸ್ತಿ ಏನ? ಹುಡುಗಿ ಹೊರಗ ನಿಂತಾಳ!”

“ನಂದೂ ಒಂದು ಹೇಳೂದೈತ್ರಿ ಅತ್ತಿ,” ಎಂದೆ. ಗುಳಿಗೆ, ಡಾಕ್ಟರು, ರೊಟ್ಟಿ, ಎಲ್ಲ ಹೇಳಿಬಿಟ್ಟೆ.

ಅತ್ತೆ ಮೊರ ಕೆಳಗಿಟ್ಟರು. “ಮೂರ ವರ್ಷಾ?”

“ಹೌದ್ರಿ.”

“ರೊಟ್ಟಿಗೆ ಏನ್ ಹಚ್ಕೊಂಡು ತಿಂತಿದ್ದಿ?”

“ಬರೇ ಚಟ್ನಿ ಪುಡಿರಿ. ಪಲ್ಯ ಬಿಸಿ ಮಾಡಿದ್ರ ನಿಮಗ ವಾಸನಿ ಬರ್ತಿತ್ತಲ್ರಿ.”

ಅಕ್ಕೋರಿಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. “ಹರಕಿ ನಂದು, ಹಸಿವಿ ನಿಂದು. ಇದ್ಯಾವ ನ್ಯಾಯ?” ಎಂದರು. “ನಾಳೆ ಗುಡಿಗೆ ಹೋಗಿ ನಾನ ಹೇಳಿ ಬರ್ತೀನಿ. ಶಿವ ನಿನ್ನ ಉಳಿಸಿದ್ದು ಉಪವಾಸ ಸಾಯಸಾಕಲ್ಲ. ಈಗ ಓದು, ಆ ಹುಡುಗೀನ ಎಲ್ಲಿಗರ ಮುಟ್ಟಿಸು.”

ಓದಿದೆ. ಆಕೆ ಆ ಮನೆಗೆ ಮರಳಲಿಲ್ಲ. ಕೆಲಸ ಹಿಡಿದು ಒಂದು ಬಾಡಿಗೆ ಖೋಲಿ ಮಾಡಿಕೊಂಡಳು. ಇದು ಶುಭವಲ್ಲ ಎಂದು ಕಾಕು ತಕರಾರು ತೆಗೆದರು. “ಕೈಯಾಗ ಕೀಲಿ ಬಂತಲ್ಲ, ಶುಭಾನ,” ಎಂದು ಅತ್ತೆ ತೀರ್ಪು ಕೊಟ್ಟರು.

ನಲ್ಲಿ ನೀರು ಹೊತ್ತಿಗೆ ಬಂದರೂ ಕೈಮುಗಿಯುವವಳು ನಾನು. ಆ ದಿನ ಎಷ್ಟು ಸಲ ಮುಗಿದೆನೋ.

ಮುಂದಿನ ಸೋಮವಾರ ಪೂಜೆ ಮುಗಿಸಿ ಬರುವಷ್ಟರಲ್ಲಿ ಅತ್ತೆ ಪಡಸಾಲೆಯ ನಡುವೆ ತಾಟು ಇಟ್ಟಿದ್ದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು. ತಲೆಬಾಗಿಲು ಅಗಲಕ್ಕೆ ತೆರೆದಿತ್ತು. ಚಕ್ಕಳಮಕ್ಕಳ ಹಾಕಿ ಕೂತು ಉಂಡೆ. ಅತ್ತೆ ಎರಡನೆಯ ರೊಟ್ಟಿ ನೀಡಲು ಬಂದರು, ಬೇಡ ಎನ್ನಲಿಲ್ಲ.