ಟೇಬಲ್ಲಿನ ಕೆಳಗಿನ ಇಂಗ್ಲಿಷ್

ಹಳಿಯಾಳದ ನಮ್ಮ ಇಂಗ್ಲಿಷ್ ಮಾಸ್ತರರ ಹೊಟ್ಟೆ ಮೊದಲು ತರಗತಿಗೆ ಬರುತ್ತಿತ್ತು, ಅವರು ಆಮೇಲೆ. ನಾಮಪದ ಕಲಿಸಲು ಸಿಕ್ಕಿದ್ದನ್ನೆಲ್ಲ ಮುಟ್ಟಿ ಹೆಸರು ಹೇಳುತ್ತಿದ್ದರು. ಕ್ರಿಯಾಪದಕ್ಕೆ ಸ್ವತಃ ಕುಣಿಯುತ್ತಿದ್ದರು, ಆಗ ಮಾಡಿನ ಹೆಂಚೂ ಕುಣಿಯುತ್ತಿತ್ತು. ಕೊನೆಗೊಂದು ಪ್ರಶ್ನೆ: “ತಿಳೀತೋ, ಬರೇ ಗೋಣು ಅಳ್ಳಾಡಸ್ತೀರೋ?” ನಾವು ಗೋಣು ಅಲ್ಲಾಡಿಸುತ್ತಿದ್ದೆವು.

ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ನಾವು ಈ ಸಲವೂ ಇಂಗ್ಲಿಷಿನಲ್ಲಿ ಬಾಯಿ ಬಿಡದಿದ್ದರೆ ಮಾಸ್ತರರಿಗೆ ಅನಮೋಡದ ಕಾಡಿಗೆ ವರ್ಗ ಎಂದು ಹೆಡ್‌ಮಾಸ್ತರರು ಹೇಳಿದ್ದರು. ಸಾಹೇಬರು ಬರುವ ದಿನ ಮಾಸ್ತರರು ‘ಆನ್’ ತೋರಿಸಲು ಟೇಬಲ್ ಹತ್ತಿದರು. ಎತ್ತು ಕಟ್ಟಿ ಎಳೆಯಬೇಕಾದ ದಾಂಡೇಲಿ ಸಾಗವಾನಿಯ ಟೇಬಲ್ ಅದು. ‘ಅಂಡರ್’ ತೋರಿಸಲು ಕೆಳಗೆ ನುಸುಳಿದವರು ಅಲ್ಲೇ ಸಿಕ್ಕಿಕೊಂಡರು. ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು.

“ನಿಮ್ಮ ಮಾಸ್ತರ ಎಲ್ಲದಾರೋ?”

ಹುಟ್ಟಿದಂದಿನಿಂದ ಆಡದ ಇಂಗ್ಲಿಷನ್ನು ಇಡೀ ತರಗತಿ ಒಂದೇ ದನಿಯಲ್ಲಿ ಆಡಿತು: “ಮಾಸ್ಟರ್ ಈಸ್ ಅಂಡರ್ ದಿ ಟೇಬಲ್, ಸರ್.”

ಸಾಹೇಬರು ಬಗ್ಗಿ ನೋಡಿದರು. “ಭೇಷ್ ಕಲಿಸೀರಿ ಮಾಸ್ತರ. ವರ್ಗದ ಮಾತು ಬಿಡ್ರಿ, ಹೊರಗ ಬರ್ರಿ.”

“ಬರಾಕ ಆಗವಲ್ದ್ರಿ ಸಾಹೇಬ್ರ. ನೀವು ಆ ಕಡೆ ಒಂದೀಟು ಎತ್ತಿ ಹಿಡೀರಿ.”

ಸಾಹೇಬರು ಕೋಟು ಕಳಚಿದರು.