ಧಾರೆಯಾಗದ ಸೊಸೆಯ ಟ್ಯಾಕ್ಸು

ಗೆಳೆಯರೇ, ನನಗೆ ಮದುವೆಯಾಗಿದೆಯೋ ಇಲ್ಲವೋ ನೀವೇ ಹೇಳಿ. ಕಳೆದ ಡಿಸೆಂಬರಿನಲ್ಲಿ ನಾನೂ ಸುಹಾಸನೂ ಇಲ್ಲಿ ಅಮೆರಿಕದ ಸಾಂಟಾ ಕ್ಲಾರಾದಲ್ಲಿ ರಿಜಿಸ್ಟರ್ ಮದುವೆಯಾದೆವು. ಉಡುಪಿಯಲ್ಲಿ ಧಾರೆಗೆ ಮುಹೂರ್ತ ಸಿಕ್ಕಿದ್ದು ಮೇ ತಿಂಗಳಿಗೆ. ಇವತ್ತು ಬೆಳಿಗ್ಗೆ ಟ್ಯಾಕ್ಸ್ ಫೈಲ್ ಮಾಡಲು ಕುಳಿತು 'ವಿವಾಹಿತರು, ಜಂಟಿಯಾಗಿ' ಎಂದು ಆರಿಸುತ್ತಿದ್ದೆ. ಊರಿನಿಂದ ಬಂದಿರುವ ಅತ್ತೆ ಹಿಂದೆ ನಿಂತು ನೋಡಿದರು.

"ಧಾರೆ ಆಗದೆ ಎಂತ ಮದುವೆ? ಇಬ್ಬರೂ ಸಿಂಗಲ್ ಅಂತ ಹಾಕಿ."

"ವರ್ಷ ಮುಗಿಯೋದ್ರೊಳಗೆ ರಿಜಿಸ್ಟರ್ ಆಗಿದೆ ಅತ್ತೆ, ಇಲ್ಲಿನ ಟ್ಯಾಕ್ಸಿಗೆ ಅಷ್ಟು ಸಾಕು. ಸಿಂಗಲ್ ಅಂದ್ರೆ ಸುಳ್ಳು ಹೇಳಿದ ಹಾಗಾಗುತ್ತೆ."

"ಇಲ್ಲಿನ ಸರ್ಕಾರಕ್ಕೆ ಧಾರೆ ಅಂದ್ರೆ ಎಂತ ಅಂತ ಗೊತ್ತುಂಟಾ?"

ಸುಹಾಸ ಮೆಲ್ಲಗೆ ಲ್ಯಾಪ್‌ಟಾಪು ಮುಚ್ಚಿ, "ನಾಳೆ ನೋಡೋಣ ಬಿಡು" ಎಂದ. ನನಗೆ ಮೈಯೆಲ್ಲ ಉರಿಯಿತು. ಮೊನ್ನೆ ಮನೆಯ ಪೂಜೆಯಲ್ಲೂ ಅತ್ತೆ ಇದೇ ಧಾರೆಯ ನೆಪ ಹೇಳಿ ನನ್ನನ್ನು ಅವನ ಪಕ್ಕ ಕೂರಲು ಬಿಟ್ಟಿರಲಿಲ್ಲ.

ಸಂಜೆ ಫ್ರೀಮಾಂಟಿನಿಂದ ಅವರ ನೆಂಟರು ಬಂದರು. ಅತ್ತೆ ಕೂತಲ್ಲಿಂದಲೇ ಘೋಷಿಸಿದರು: "ಸೊಸೆ ಇದ್ದಾಳಲ್ಲ, ಕಾಫಿ ಮಾಡ್ತಾಳೆ."

ನಾನು ಹೋಗಿ ನೆಂಟರ ಪಕ್ಕದಲ್ಲಿ, ಸೋಫಾದ ಮೇಲೆ ಕುಳಿತೆ.

"ಧಾರೆ ಇರೋದು ಮೇ ತಿಂಗಳಲ್ಲಿ ಅತ್ತೆ. ಅಲ್ಲೀವರೆಗೆ ನಾನೂ ಗೆಸ್ಟೇ. ನನಗೂ ಒಂದು ಕಪ್ಪು, ಸಕ್ಕರೆ ಕಡಿಮೆ."