ದ್ರಾಕ್ಷಿ ಪಿಚ್ಚರಿಗೆ ಮಾತು ಕೊಟ್ಟ ಮೂಕಮ್ಮ

ಮಾನವಿಯ ಸಂತೆ ಬಯಲಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಟೂರಿಂಗ್ ಟಾಕೀಸಿನ ಡೇರೆಯ ಪಕ್ಕದಲ್ಲಿ ಆಯಿಲ್ ಎಂಜಿನ್ ಗುಡುಗುಡು ಎನ್ನುತ್ತಿದೆ. ಒಳಗೆ ಖಾಲಿ ಚಾಪೆಗಳ ನಡುವೆ ಒಬ್ಬಳೇ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾಳೆ. ಕಣ್ಣು ಪರದೆಯ ಮೇಲೆ. ತುಟಿ ಸದ್ದಿಲ್ಲದೆ ಆಡುತ್ತಿದೆ. ಪರದೆಯ ಮೇಲೆ ಯಾವುದೋ ದೂರದೇಶದ ಗುಡ್ಡ, ಸಾಲು ಸಾಲು ದ್ರಾಕ್ಷಿ ಬಳ್ಳಿ.

"ಹನುಮಂತ್ರಾಯಣ್ಣ, ಆಣಿಕಲ್ಲು ಬೀಳೋದು ಇನ್ನೊಮ್ಮಿ ತೋರ್ಸು. ಆಕಿ ಮೊದಲು ಅಳ್ತಾಳೋ, ಮೊದಲು ಓಡ್ತಾಳೋ? ತಪ್ಪಿ ಹೇಳಿದ್ರ ಹೆಂಗ?"

ಮಶೀನು ನಡೆಸುವ ಹನುಮಂತ್ರಾಯ ಗೊಣಗುತ್ತಲೇ ರೀಲು ಹಿಂದಕ್ಕೆ ಸುತ್ತುತ್ತಾನೆ.

ಡೇರೆಯ ಎಡಭಾಗದಲ್ಲಿ, ಗಂಡಸರಿಗೆ ಕಾಣದಂತೆ ಕಟ್ಟಿದ ಬಟ್ಟೆಯ ಮರೆಯ ಹಿಂದೆ ಕೂರುವ ಹೆಂಗಸರಿಗೆ ಪಿಚ್ಚರಿನ ಕಥೆ ಹೇಳುವುದು ಮೂಕಮ್ಮನ ಕೆಲಸ. ದಿನಕ್ಕೆ ಎರಡು ಆಟ, ಆಟಕ್ಕೆ ನೂರೈವತ್ತು ಹೆಂಗಸರು. ಒಂದು ಮಾತು ಕನ್ನಡದಲ್ಲಿ, ಅದೇ ಮಾತು ಮತ್ತೆ ದಖನಿ ಉರ್ದುವಿನಲ್ಲಿ. ರಾಯಚೂರು, ಮಾನವಿ, ದೇವದುರ್ಗ, ಈ ಮೂರೂರ ನಡುವೆ ಚಕ್ಕಡಿಯಲ್ಲಿ ಡೇರೆಯ ಜೊತೆ ತಿರುಗುತ್ತ ಇದು ನಾಲ್ಕನೇ ವರ್ಷ. ಗಂಟಲು ಕಟ್ಟಿದರೆ ಓಂಕಾಳು ಕುದಿಸಿದ ನೀರೇ ಔಷಧ.

"ಹೆಸರು ಕೇಳಿ ಎಲ್ಲಾರೂ ನಗ್ತಾರ್ರಿ. ನಗಲಿ. ನಗೋರಿಗೆ ಕಥಿ ಹೇಳೋದು ಹಗುರ."

ಹುಟ್ಟೂರು ಕುರ್ಡಿ. ಹತ್ತಿ ಬಿಡಿಸುವ ಕೂಲಿ ಮನೆತನ. ಗಂಡ ತಾಯಣ್ಣ ಡೇರೆಯ ಗೂಟ ಹೊಡೆಯುವ ಕೆಲಸಕ್ಕೆ ಸೇರಿದಾಗ ಈಕೆ ಆಳುಗಳಿಗೆ ರೊಟ್ಟಿ ಬಡಿಯಲು ಬಂದಳು. ಒಂದು ಸಂಜೆ ಪಕ್ಕದಲ್ಲಿ ಕುಳಿತ ಮುದುಕಿಗೆ ಕಥೆ ಬಿಡಿಸಿ ಹೇಳುತ್ತಿದ್ದಳು. ಸುತ್ತಲಿನವರೆಲ್ಲ ಪರದೆ ಬಿಟ್ಟು ಇವಳ ಕಡೆ ತಿರುಗಿ ಕುಳಿತರು. ಮಾರನೇ ದಿನದಿಂದ ರೊಟ್ಟಿ ಬಡಿಯುವ ಕೆಲಸ ಬೇರೆಯವರ ಪಾಲಾಯಿತು, ಕಥೆ ಹೇಳುವುದು ಇವಳದಾಯಿತು.

ಈ ವರ್ಷ ಬಂದಿರುವ ಹೊರದೇಶದ ಚಿತ್ರದ ಹೆಸರು ಇಲ್ಲಿ ಯಾರ ನಾಲಿಗೆಯಲ್ಲೂ ಹೊರಳದು. ಜನಕ್ಕೆ ಅದು 'ದ್ರಾಕ್ಷಿ ಪಿಚ್ಚರ್'. ಒಬ್ಬ ವಿಧವೆ, ಅವಳ ಮಗಳು, ಆಣೆಕಲ್ಲಿಗೆ ಸಿಕ್ಕ ತೋಟ, ಉಳಿದ ಹಣ್ಣಿನಲ್ಲೇ ಮಾಡಿದ ಮದ್ಯ. ಜೊತೆಗೆ ಬಂದ ಉರ್ದು ಚೀಟಿಯನ್ನು ಹನುಮಂತ್ರಾಯ ಓದಿ ಹೇಳಿದ್ದಾನೆ. ಮಿಕ್ಕಿದ್ದನ್ನು ಮೂಕಮ್ಮ ಹೀಗೆ ನಸುಕಿನಲ್ಲಿ ನೋಡಿ ನೋಡಿ ಕಲಿತು, ಇಂದಿಗೂ ತಿದ್ದಿಕೊಳ್ಳುತ್ತಾಳೆ.

ದೇವದುರ್ಗದಲ್ಲಿ ಈ ಚಿತ್ರ ಅವಳ ಕೆಲಸಕ್ಕೇ ಕುತ್ತು ತಂದಿತ್ತು. "ಶರಬತ್ತಿನ ಕಥಿ ಅಂತ ಹೇಳಿಬಿಡು," ಎಂದು ಡೇರೆಯ ಮಾಲೀಕ ಮೊದಲೇ ಕಿವಿಯಲ್ಲಿ ಉಸುರಿದ್ದ. ಹೆಂಗಸರು ಎದ್ದು ಹೋದರೆ ಕಥೆ ಹೇಳುವವಳೂ ಬೇಡ ಎಂದಿದ್ದ. ಪರದೆಯ ಮೇಲೆ ಮದ್ಯದ ಪೀಪಾಯಿ ಕಂಡಿದ್ದೇ ತಡ, ಅಕ್ಕಿ ಗಿರಣಿಯವರ ಮನೆಯ ಗುರುಶಾಂತಮ್ಮ ಎದ್ದು ನಿಂತರು.

"ಇದು ಸೆರೆ ಪಿಚ್ಚರೇನ?"

ಅವರ ಹಿಂದೆ ಐವತ್ತು ಹೆಂಗಸರು ಹೊರಡಲು ಸೆರಗು ಸರಿಮಾಡಿಕೊಂಡರು. ಮೂಕಮ್ಮನಿಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಹೌದ್ರೀ ಯವ್ವಾ, ಸೆರೆನ. ಆದ್ರ ಇದು ಕುಡಿಯೋರ ಕಥಿ ಅಲ್ಲ, ದುಡಿಯೋರ ಕಥಿ. ಆ ಹೆಣಮಗಳ ಬೆನ್ನು ನೋಡ್ರಿ. ಮೂರು ತಾಸು ಬಗ್ಗಿ ಬುಟ್ಟಿ ತುಂಬ್ಯಾಳ. ಈಗ ಆಣಿಕಲ್ಲು ಬೀಳ್ತದ. ಆಕಿ ಗತಿ ಏನಾತಂತ ನೋಡಿ ಹೋಗ್ರಿ."

ಆಣೆಕಲ್ಲು ಬಿತ್ತು. ತಮ್ಮ ಹೊಲಗಳಲ್ಲಿ ತೆನೆಗಟ್ಟಿದ ಜೋಳ ಹೀಗೇ ಒಂದೇ ಗಳಿಗೆಯಲ್ಲಿ ನೆಲಕಚ್ಚಿದ್ದನ್ನು ಕಂಡಿದ್ದ ಹೆಂಗಸರು "ಅಯ್ಯ ಶಿವನ!" ಎಂದರು. ಗುರುಶಾಂತಮ್ಮ ನಿಂತಲ್ಲೇ ನಿಂತು, ಹಾಗೇ ಕುಳಿತುಬಿಟ್ಟರು.

ಮುಂದೆ ತೊಟ್ಟಿಯೊಳಗೆ ಇಳಿದು ಹಣ್ಣು ತುಳಿಯುವ ದೃಶ್ಯ. ಹಿಂದಿನ ಸಾಲಿನಿಂದ ನೂರ್ ಬೀ ಕೂಗಿದಳು: "ಪಾಂವ್ ಧೋಯೇ ಕ್ಯಾ, ಮೂಕಮ್ಮಾ?"

"ಧೋಯೇ ಬೀ! ಎರಡೆರಡು ಸಲ ಕಾಲು ತೊಳಕೊಂಡಾರ!"

ಡೇರೆಯ ಎಡಭಾಗ ನಗೆಯಲ್ಲಿ ಮುಳುಗಿತು. ಮರೆಯಾಚೆ ಗಂಡಸರು ಏನಾಯಿತೆಂದು ತಿಳಿಯದೆ ಕತ್ತು ಚಾಚಿದರು.

"ಪಿಚ್ಚರಿನಾಗ ತೊಳೆಯೋದು ತೋರ್ಸಿಲ್ರಿ," ಎಂದು ಮೂಕಮ್ಮ ಈಗ ತಗ್ಗಿದ ದನಿಯಲ್ಲಿ ಒಪ್ಪಿಕೊಳ್ಳುತ್ತಾಳೆ. "ನಾನ ತೊಳಿಸೀನಿ."

ಮರುದಿನ ಗುರುಶಾಂತಮ್ಮ ಸೊಸೆಯನ್ನೂ ಕರೆತಂದರು. ನಾಲ್ಕು ವರ್ಷದಿಂದ ಮೂಕಮ್ಮ ಕಥೆ ಹೇಳುವುದು ಕಂಬಕ್ಕೆ ಒರಗಿ ನಿಂತೇ. ಮುಂದಿನ ಚಾಪೆ ದೊಡ್ಡ ಮನೆಯವರದು. ಅವಳಿಗೆ ಕೂರು ಎಂದವರಿಲ್ಲ. ಅಂದು ಗುರುಶಾಂತಮ್ಮ ಸರಿದು ಜಾಗ ಮಾಡಿದರು.

"ಎಷ್ಟೊತ್ತು ನಿಲ್ತಿ? ಇಲ್ಲೇ ಬಂದು ಕುಂದ್ರು."

"ನಿಂತ್ರ ದನಿ ಹಿಂದಿನ ತನಕ ಹೋಗ್ತದ್ರೀ ಯವ್ವಾ," ಎಂದಳು ಮೂಕಮ್ಮ. ಕೊನೆಯ ರೀಲಿಗೆ ಮಾತ್ರ ಹೋಗಿ ಕುಳಿತಳು. ಆ ರೀಲಿನಲ್ಲಿ ಎರಡು ಕಡೆ ಮಾತು ತಪ್ಪಿತಂತೆ. ಯಾಕೆಂದು ಕೇಳಿದರೆ ನಗುತ್ತಾಳೆ.

ಮಾನವಿಯಲ್ಲಿ ಈಗ ಹೆಂಗಸರ ಕಡೆ ಚಾಪೆ ಸಾಲುತ್ತಿಲ್ಲ. ಸಿರವಾರದಿಂದಲೂ ಬಂಡಿ ಕಟ್ಟಿಕೊಂಡು ಬರುತ್ತಿದ್ದಾರೆ. ಮುಂದಿನ ವಾರ ಡೇರೆ ರಾಯಚೂರಿಗೆ.

ಬೆಳಕು ಹರಿದು ಪರದೆ ಮಸುಕಾಗುತ್ತಿದೆ. ಹನುಮಂತ್ರಾಯ ಎಂಜಿನ್ ನಿಲ್ಲಿಸುತ್ತಾನೆ. ಏನು ಆಸೆ ಎಂದು ಕೇಳಿದರೆ ಮೂಕಮ್ಮ ಖಾಲಿ ಪರದೆಯ ಕಡೆ ಕೈ ತೋರುತ್ತಾಳೆ.

"ಆ ತೋಟದ ಊರು ಎಲ್ಲಿ ಅದನೋ ನಾ ಕಾಣೆ. ಯಾರಾರ ಆ ಕಡಿ ಹೋದ್ರ ಅಲ್ಲಿ ಹೆಣಮಕ್ಕಳಿಗೆ ಒಂದು ಮಾತು ಹೇಳ್ರಿ. ನೀವು ಬಗ್ಗಿ ದುಡಿದದ್ದು ಮಾನವಿ, ದೇವದುರ್ಗದ ಹೆಣಮಕ್ಕಳಿಗೆ ತಿಳದದ. ಕುರ್ಡಿ ಮೂಕಮ್ಮ ತಿಳಿಸ್ಯಾಳ ಅಂತ."